‘ದೇವರು ಮಾತಾಡಿದರು’ ಎಂದರೆ ಏನು?

ಕೊಡ್ಲಿಪೇಟೆ ಕೊಡಗಿನ ಬಡಗಣ ತುದಿಯ ಊರು. ದಾಟಿದರೆ ಹಾಸನ ಜಿಲ್ಲೆ. ಹಳೆಯ ಏಳುಸಾವಿರ ಸೀಮೆಗೆ ಸೇರಿದ ಈ ಭಾಗದಲ್ಲಿ ಮನೆಮಾತು ಕನ್ನಡ. ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು ತಲೆಮಾರುಗಳಿಂದ ಒಟ್ಟಿಗೆ ಬಾಳಿದ ನೆಲ ಇದು. ಸೋಮವಾರಪೇಟೆ ಕಡೆಯ ತೋಟಗಳ ಆಸುಪಾಸಿನಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. ಡಿಸೆಂಬರ್ ಬಂತೆಂದರೆ ಬಾಗಿಲ ಮೇಲೆ ತೂಗುವ ನಕ್ಷತ್ರ, ನೆರೆಮನೆಗೂ ಬರುವ ಕೇಕು, ಬೇಸಿಗೆಯಲ್ಲಿ ಶುಭ ಶುಕ್ರವಾರದ ಉಪವಾಸ, ಇಷ್ಟು ಅಕ್ಕಪಕ್ಕದವರಿಗೆಲ್ಲ ಗೊತ್ತು. ಆದರೆ ಆ ಮನೆಗಳಲ್ಲಿ ಸಲೀಸಾಗಿ ಕೇಳಿಬರುವ ಒಂದು ಮಾತು ಹೊರಗಿನವರಿಗೆ ಸುಲಭಕ್ಕೆ ಬಗೆಹರಿಯುವುದಿಲ್ಲ. ‘ಇವತ್ತು ಬೆಳಿಗ್ಗೆ ದೇವರು ಈ ವಾಕ್ಯದ ಮೂಲಕ ನನ್ನ ಜೊತೆ ಮಾತಾಡಿದರು.’

ಕಿವಿಗೆ ಕೇಳಿಸಿತೇ? ಕನಸು ಬಿತ್ತೇ? ದೇವಸ್ಥಾನದಲ್ಲಿ ಹೂಪ್ರಸಾದ ಕೇಳಿದಂತೆ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ ಎಂಬ ಬಗೆಯ ಅಪ್ಪಣೆಯೇ? ಸಾವಿರಾರು ವರ್ಷ ಹಿಂದೆ, ಎಲ್ಲೋ ದೂರದಲ್ಲಿ, ಹೀಬ್ರೂ ಮತ್ತು ಗ್ರೀಕ್ ನುಡಿಗಳಲ್ಲಿ ಬರೆದಿಟ್ಟದ್ದು ಇವತ್ತು ಕಾಫಿ ಕೊಯ್ಯಲು ಹೊರಟ ಹೆಂಗಸಿನ ಎದೆಗೆ ಹೇಗೆ ಮಾತಾಡೀತು? ಕೇಳಬೇಕಾದ ಪ್ರಶ್ನೆಯೇ ಇದು. ಆ ಮಾತನ್ನು ನಂಬುವವರಲ್ಲಿ ನಾನೂ ಒಬ್ಬನಾದ್ದರಿಂದ, ನಂಬಿಕೆಯ ಒಳಗಿನಿಂದಲೇ ಆದಷ್ಟು ಬಿಡಿಸಿ ಹೇಳುವ ಹೊಣೆ ನನ್ನ ಮೇಲಿದೆ.

ಬೈಬಲಿನಲ್ಲೇ ಇದಕ್ಕೊಂದು ಮೂಲಪಾಠದಂಥ ಕತೆಯಿದೆ, ಸಮುವೇಲನ ಮೊದಲ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ. ಏಲಿ ಎಂಬ ಮುದಿ ಯಾಜಕ, ಕಣ್ಣು ಮಂಜಾಗಿದೆ. ಅವನ ಕೈಕೆಳಗೆ ಗುಡಿಯಲ್ಲಿ ಸೇವೆ ಮಾಡಿಕೊಂಡಿರುವ ಹುಡುಗ ಸಮುವೇಲ. ದೇವರ ಮಾತು ಅಪರೂಪವಾಗಿದ್ದ ಕಾಲ ಅದು ಎಂದು ಕತೆ ಮೊದಲೇ ಹೇಳಿಬಿಡುತ್ತದೆ. ರಾತ್ರಿ, ದೀಪ ಇನ್ನೂ ಆರಿಲ್ಲ. ಯಾರೋ ಹೆಸರು ಹಿಡಿದು ಕರೆದಂತಾಗಿ ಹುಡುಗ ಎದ್ದು ಏಲಿಯ ಬಳಿಗೆ ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎನ್ನುತ್ತಾನೆ ಮುದುಕ. ಎರಡನೇ ಸಲವೂ ಹಾಗೇ. ಮೂರನೇ ಸಲ ಬಂದಾಗ ಏಲಿಗೆ ಹೊಳೆಯುತ್ತದೆ, ಕರೆಯುತ್ತಿರುವವನು ದೇವರು. ಇನ್ನೊಮ್ಮೆ ಕರೆದರೆ ಏನು ಹೇಳಬೇಕೆಂದು ಅವನೇ ಹುಡುಗನಿಗೆ ಕಲಿಸಿಕೊಡುತ್ತಾನೆ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದ್ಭುತವಲ್ಲ. ದೇವರ ದನಿ ಹುಡುಗನಿಗೆ ತನಗೆ ಗೊತ್ತಿರುವ ಮುದುಕನ ದನಿಯಂತೆಯೇ ಕೇಳಿಸಿತು ಎಂಬುದು. ಗುಡುಗಲ್ಲ, ಮಿಂಚಲ್ಲ, ಮನೆಯವರ ದನಿ. ಅದು ದೇವರದೆಂದು ಗುರುತಿಸಲು ಹುಡುಗನೊಬ್ಬನಿಂದ ಆಗಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬೇಕಾಯಿತು, ಅದೂ ಕಣ್ಣು ಸರಿಯಾಗಿ ಕಾಣದ, ಮನೆ ಮಕ್ಕಳನ್ನು ಹದ್ದಿನಲ್ಲಿಡಲಾಗದೆ ಸೋತ ಒಬ್ಬ ಹಿರಿಯ. ಇನ್ನೂ ಮುಂದೆ ಹೋದರೆ, ದೇವರು ಹೇಳಿದ ಮೊದಲ ಮಾತೇ ಆ ಏಲಿಯ ಮನೆತನದ ಮೇಲಿನ ತೀರ್ಪು. ಹುಡುಗನಿಗೆ ಬೆಳಗಾದರೆ ಅದನ್ನು ಹೇಳಲು ಭಯ. ಮುಚ್ಚಿಡಬೇಡ ಎಂದು ಏಲಿಯೇ ಒತ್ತಾಯಿಸಿ ಹೇಳಿಸಿಕೊಳ್ಳುತ್ತಾನೆ, ಕೇಳಿ ತಲೆಬಾಗುತ್ತಾನೆ. ತನ್ನ ವಿರುದ್ಧವೇ ಬಂದ ಮಾತನ್ನು ದೇವರ ಮಾತೆಂದು ಒಪ್ಪಿಕೊಂಡ ಆ ಮುದುಕನ ಬಗ್ಗೆ ಪ್ರಸಂಗಗಳಲ್ಲಿ ಹೆಚ್ಚು ಹೇಳುವುದಿಲ್ಲ. ಹೇಳಬೇಕಿತ್ತು.

ಮನಸ್ಸಿನ ಆಸೆಯೇ ದೇವರ ದನಿಯ ವೇಷ ಹಾಕಿಕೊಂಡು ಬರುವುದು ಎಷ್ಟು ಸುಲಭ ಎಂಬುದು ಕ್ರೈಸ್ತ ಪರಂಪರೆಗೆ ಚೆನ್ನಾಗಿ ಗೊತ್ತು. ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ಸಾಲನ್ನೇ ಅಪ್ಪಣೆಯೆಂದು ತೆಗೆದುಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಸಂತ ಅಗಸ್ಟೀನ್ ಪುಸ್ತಕ ತೆರೆದ ಬಗೆ ಹೊರನೋಟಕ್ಕೆ ಹಾಗೇ ಕಾಣುತ್ತದೆ. ಬದುಕು ಬದಲಿಸಬೇಕೆಂಬ ತವಕ, ಬದಲಿಸಲಾಗದ ಸಂಕಟ, ಅಳು. ಪಕ್ಕದ ಮನೆಯಿಂದ ಮಗುವಿನ ದನಿಯೊಂದು, ತೆಗೆದುಕೊಂಡು ಓದು ಎಂಬರ್ಥದಲ್ಲಿ, ಹಾಡಿನಂತೆ ತೇಲಿಬರುತ್ತದೆ. ಕೈಗೆ ಸಿಕ್ಕ ಪೌಲನ ಪತ್ರಗಳ ಹೊತ್ತಗೆ ತೆರೆದು, ರೋಮಾಪುರದವರಿಗೆ ಬರೆದ ಪತ್ರಿಕೆಯ ಕಣ್ಣಿಗೆ ಬಿದ್ದ ಸಾಲನ್ನು ಓದುತ್ತಾರೆ. ಭೋಗದ ಬದುಕನ್ನು ಕಳಚಿಟ್ಟು ಕ್ರಿಸ್ತನನ್ನು ತೊಟ್ಟುಕೊಳ್ಳಿ ಎನ್ನುವ ಮಾತು ಅದು. ಮುಂದೆ ಓದುವ ಅಗತ್ಯವೇ ಬೀಳಲಿಲ್ಲ ಎಂದು ತಮ್ಮ ಆತ್ಮನಿವೇದನೆಯಲ್ಲಿ ಬರೆದುಕೊಂಡಿದ್ದಾರೆ.

ಕತೆ ಇಲ್ಲಿಗೆ ನಿಂತಿದ್ದರೆ ಅದೊಂದು ಪವಾಡ. ಆದರೆ ಅಗಸ್ಟೀನರ ಜೊತೆ ಗೆಳೆಯ ಅಲೀಪಿಯಸ್ ಇದ್ದರು. ಏನು ಓದಿದೆ ತೋರಿಸು ಎಂದು ಪುಸ್ತಕ ಇಸಿದುಕೊಂಡು, ಗೆಳೆಯ ನಿಲ್ಲಿಸಿದ ಜಾಗದಿಂದ ಮುಂದಿನ ಸಾಲು ಓದಿದರು. ನಂಬಿಕೆಯಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಿ ಎಂಬ ಅರ್ಥದ ಸಾಲು. ಇದು ನನಗೆ ಬಂದದ್ದು ಎಂದರು ಅಲೀಪಿಯಸ್. ಒಂದೇ ಪುಟ, ಎರಡು ಸಾಲು, ಇಬ್ಬರು ಮನುಷ್ಯರು, ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ. ಅದಕ್ಕೆ ಸ್ವಲ್ಪ ಮುಂಚೆ ಇಬ್ಬರೂ ಈಜಿಪ್ಟಿನ ಅಂತೋಣಿಯ ಕತೆ ಕೇಳಿದ್ದರು. ಆ ಅಂತೋಣಿ ಗುಡಿಯಲ್ಲಿ ಸುವಾರ್ತೆ ಓದುವುದನ್ನು ಕೇಳಿ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತು ತನಗೇ ಹೇಳಿದ್ದೆಂದು ತಿಳಿದು ಆಸ್ತಿ ಬಿಟ್ಟು ಹೊರಟಿದ್ದ. ಅಂದರೆ ಆ ತೋಟದ ಓದು ಒಂಟಿ ಓದಲ್ಲ, ಅದರ ಹಿಂದೆ ಇತರರ ಓದು ಇತ್ತು, ವರ್ಷಗಟ್ಟಲೆ ಕೇಳಿದ ಪ್ರಸಂಗಗಳಿದ್ದವು, ತಾಯಿಯ ಪ್ರಾರ್ಥನೆ ಇತ್ತು. ಮುಂದೆ ಬಿಷಪ್ ಆದ ಮೇಲೆ ಅಗಸ್ಟೀನರೇ, ಲೋಕದ ವ್ಯವಹಾರಗಳಿಗೆ ಸುವಾರ್ತೆಯ ಪುಟ ತೆರೆದು ಶಕುನ ನೋಡುವ ಅಭ್ಯಾಸ ತಮಗೆ ಹಿಡಿಸುವುದಿಲ್ಲವೆಂದು ಪತ್ರವೊಂದರಲ್ಲಿ ಬರೆದರು.

ಹಾಗಿದ್ದರೆ ಹೇಗೆ ಓದಬೇಕು? ಸನ್ಯಾಸಿ ಮಠಗಳಲ್ಲಿ ಬೆಳೆದು ಬಂದ ಒಂದು ಕ್ರಮವನ್ನು 12ನೇ ಶತಮಾನದಲ್ಲಿ ಎರಡನೇ ಗೀಗೊ ಎಂಬ ಕಾರ್ತೂಸಿಯನ್ ಮಠಾಧಿಪತಿ ನಾಲ್ಕು ಮೆಟ್ಟಿಲಾಗಿ ವಿವರಿಸಿದರು. ಓದು, ಮನನ, ಪ್ರಾರ್ಥನೆ, ಕಡೆಗೆ ಮಾತಿಲ್ಲದ ಧ್ಯಾನ. ಓದುವುದೆಂದರೆ ಹತ್ತು ಹನ್ನೆರಡು ವಚನಗಳ ಒಂದು ಸಣ್ಣ ಭಾಗ, ತುಟಿ ಅಲುಗಿಸಿಕೊಂಡು, ನಿಧಾನಕ್ಕೆ. ಯಾವುದೋ ಒಂದು ಮಾತು ತಡೆದು ನಿಲ್ಲಿಸುತ್ತದೆ. ಅಲ್ಲಿಗೆ ಓದು ನಿಲ್ಲಿಸಿ ಅದನ್ನೇ ಮೆಲುಕು ಹಾಕಬೇಕು. ಹಸು ಹುಲ್ಲು ಕಿತ್ತು ತಿಂದು, ನೆರಳಿನಲ್ಲಿ ಮಲಗಿ ಮತ್ತೆ ಅದನ್ನೇ ಬಾಯಿಗೆ ತಂದುಕೊಳ್ಳುವಂತೆ ಎಂಬ ಹೋಲಿಕೆ ಆ ಮಠಗಳದ್ದೇ. ಆಮೇಲೆ ದೇವರಿಗೆ ತಿರುಗಿ ಮಾತಾಡುವುದು. ಕೃತಜ್ಞತೆ ಇರಬಹುದು, ತಪ್ಪೊಪ್ಪಿಗೆ ಇರಬಹುದು, ಜಗಳವೂ ಇರಬಹುದು. ಕೀರ್ತನೆಗಳ ಪುಸ್ತಕದ ತುಂಬ ಅಂಥ ಜಗಳಗಳಿವೆ. ಎಷ್ಟು ಕಾಲ ಹೀಗೆ ಮುಖ ಮರೆಸಿಕೊಳ್ಳುತ್ತೀ ಎಂದು ದೇವರನ್ನು ನೇರ ಕೇಳುವ ಹಕ್ಕನ್ನು ಆ ಪುಸ್ತಕವೇ ಭಕ್ತನಿಗೆ ಕೊಟ್ಟಿದೆ.

ಪ್ರಾಟೆಸ್ಟೆಂಟರ ಮನೆಗಳಲ್ಲಿ ಇದಕ್ಕೆ ಬೇರೆ ರೂಪ. ಬೆಳಿಗ್ಗೆ ಒಂದು ಅಧ್ಯಾಯ, ಸಂಜೆ ಮನೆಮಂದಿ ಸೇರಿ ಪ್ರಾರ್ಥನೆ, ವರ್ಷದ ಮೊದಲ ದಿನ ಸಭೆಯಲ್ಲಿ ಹಂಚುವ ವಾಗ್ದಾನದ ಕಾರ್ಡು. ಜರ್ಮನಿಯ ಹೆರ್ನ್‌ಹೂಟ್ ಸಮುದಾಯದವರು ದಿನಕ್ಕೊಂದು ವಾಕ್ಯವನ್ನು ಚೀಟಿ ಎತ್ತಿ ಆರಿಸಿ ಪುಸ್ತಕವಾಗಿ ಅಚ್ಚು ಹಾಕಿಸತೊಡಗಿದ್ದು 1731ರಲ್ಲಿ, ಇಂದಿಗೂ ನಿಂತಿಲ್ಲ. ಕನ್ನಡದ ಹಳೆಯ ಸತ್ಯವೇದವೊಂದನ್ನು ಕೈಗೆತ್ತಿಕೊಂಡರೆ ಈ ಓದಿನ ಗುರುತುಗಳು ಕಣ್ಣಿಗೆ ಕಾಣುತ್ತವೆ. ಮೊದಲ ಖಾಲಿ ಹಾಳೆಯಲ್ಲಿ ಮಕ್ಕಳು ಹುಟ್ಟಿದ ತಾರೀಖು, ದೀಕ್ಷಾಸ್ನಾನದ ತಾರೀಖು, ಹಿರಿಯರು ತೀರಿಕೊಂಡ ತಾರೀಖು. ಒಳಗೆ ಕೆಂಪು ಪೆನ್ಸಿಲಿನ ಗೀಟು. ಗೀಟಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ದಿನ, ಕೆಲವು ಕಡೆ ಬರೀ ಒಂದು ಹೆಸರು. ಮಗ ಊರು ಬಿಟ್ಟ ದಿನವೋ, ಆಪರೇಷನ್ನಿನ ಹಿಂದಿನ ರಾತ್ರಿಯೋ, ಬರೆದವರಿಗೆ ಗೊತ್ತು. ಕೀರ್ತನೆಗಳ ಹಾಳೆಗಳ ಅಂಚು ಕೈಬೆವರಿಗೆ ಕಪ್ಪಾಗಿರುತ್ತದೆ, ಯಾಜಕಕಾಂಡದ ಹಾಳೆಗಳು ಹೊಸದರಂತೆಯೇ ಇರುತ್ತವೆ.

ಕನ್ನಡದಲ್ಲಿ ಈ ಪುಸ್ತಕ ಸಿಕ್ಕಿದ್ದು ಒಬ್ಬರಿಂದಲ್ಲ, ಒಂದು ದಿನದಲ್ಲೂ ಅಲ್ಲ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, 1820ರ ದಶಕದ ಆರಂಭಕ್ಕೆ ಹೊಸ ಒಡಂಬಡಿಕೆಯನ್ನೂ ಮುಂದಿನ ದಶಕದ ಆರಂಭಕ್ಕೆ ಇಡೀ ಬೈಬಲನ್ನೂ ಅಚ್ಚಿಗೆ ತಂದರು. ಓದಿದವರಿಗೆ ಅದು ಕನ್ನಡದ ಮಾತಿನಂತೆ ಕೇಳಿಸಲಿಲ್ಲ ಎಂಬ ದೂರು ಇತ್ತು. ತಿದ್ದುವ ಕೆಲಸಕ್ಕೆ ಬೇರೆ ಬೇರೆ ಮಿಶನ್ನಿನವರು ಒಟ್ಟಾಗಿ ಕೂತರು. ಅವರಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಇದ್ದರು, ಕೆಲಸ ಮುಗಿಯುವ ಮುಂಚೆಯೇ 1855ರಲ್ಲಿ ತೀರಿಕೊಂಡರು. ಬೆಂಗಳೂರಿನ ಬೆಂಜಮಿನ್ ರೈಸ್ ಇದ್ದರು. ಇವರ ಮಗನೇ ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವಾಗಿ 1886ರಲ್ಲಿ ಅವರು ಹೊರತಂದದ್ದು ಕೊಡಗಿನ ಶಾಸನಗಳನ್ನು. ಅಪ್ಪ ಬೈಬಲಿಗೆ ಕನ್ನಡ ಹುಡುಕಿದರು, ಮಗ ಕೊಡಗಿನ ಕಲ್ಲುಗಳಲ್ಲಿ ಕನ್ನಡ ಓದಿದರು.

ವೈಗ್ಲೆಯ ನೆಂಟ ಹರ್ಮನ್ ಮೋಗ್ಲಿಂಗ್. ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು ಕನ್ನಡಿಗರಿಗೆ ಪರಿಚಿತರು, 1843ರ ಜುಲೈ 1ರಂದು ಅದರ ಮೊದಲ ಸಂಚಿಕೆ ಬಂತು. ಅವರು ಹುಟ್ಟಿ ಬೆಳೆದದ್ದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಅಲ್ಲಿನ ಭಕ್ತಿಪಂಥದ ಗುರು ಬೆಂಗೆಲ್ 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ ಪಾಠ ಶುದ್ಧಿ ಮಾಡಿದ ಪಂಡಿತ. ಓದುವವನು ತನ್ನನ್ನು ಪೂರ್ತಿಯಾಗಿ ಪಠ್ಯಕ್ಕೆ ಕೊಡಬೇಕು, ಪಠ್ಯವನ್ನು ಪೂರ್ತಿಯಾಗಿ ತನಗೆ ಹಚ್ಚಿಕೊಳ್ಳಬೇಕು ಎಂಬುದು ಅವರ ಬೋಧೆಯ ತಿರುಳು. ಹೃದಯದ ಓದು ಬುದ್ಧಿಗೆ ರಜೆ ಕೊಡುವುದಲ್ಲ ಎಂಬುದಕ್ಕೆ ಬೆಂಗೆಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ಮೋಗ್ಲಿಂಗ್ ಕನ್ನಡಕ್ಕೆ ಬಂದಾಗಲೂ ಇದೇ ಶಿಸ್ತು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೆಲ್ಲ ಕಲೆಹಾಕಿ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಈ ನಾಡಿನ ಜನ ತಮ್ಮ ದೇವರೊಡನೆ ಹೇಗೆ ಮಾತಾಡುತ್ತಾ ಬಂದಿದ್ದಾರೆ ಎಂದು ಮೊದಲು ಕೇಳಿಸಿಕೊಂಡರು. ಅನ್ಯಮತದವರ ಪುಸ್ತಕ ಎಂದು ದೂರವಿಡಲಿಲ್ಲ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಕೊಡಗಿಗೆ ಅವರನ್ನು ಎಳೆದು ತಂದದ್ದು ಒಬ್ಬ ಮನುಷ್ಯ. ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಕ್ರೈಸ್ತ ನಂಬಿಕೆಗೆ ಬಂದು ಸ್ತೆಫನಸ್ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದರು. ಕನ್ನಡ ನಾಡಿನಲ್ಲಿ 16 ವರ್ಷ ದುಡಿದಿದ್ದ ಮೋಗ್ಲಿಂಗ್ ಇದೇ ಕಾರಣಕ್ಕೆ ಘಟ್ಟ ಹತ್ತಿ ಬಂದರು. ಅಲ್ಮಂಡದಲ್ಲಿ ಕೊಡಗಿನ ಮೊದಲ ಪ್ರಾಟೆಸ್ಟೆಂಟ್ ಸಭೆ ಮೊಳೆಯಿತು.

ಅದೇ ಸುಮಾರಿಗೆ, 1852ರಲ್ಲಿ, ಇನ್ನೊಂದು ದೀಕ್ಷಾಸ್ನಾನ ನಡೆದಿತ್ತು, ಲಂಡನ್ನಿನಲ್ಲಿ. ಪದಚ್ಯುತನಾದ ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು ಗೌರಮ್ಮ, ಇನ್ನೂ ಸಣ್ಣ ಹುಡುಗಿ. ಜೂನ್ 30ರಂದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ನೀರು ಹಾಕಿದರು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ತನ್ನ ಹೆಸರನ್ನೇ ಕೊಟ್ಟಳು. ಆ ಮಗುವಿನ ಎದೆಯೊಳಗೆ ಏನಿತ್ತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಸಾಮ್ರಾಜ್ಯದ ದನಿಯನ್ನು ದೇವರ ದನಿಯೆಂದು ಕೇಳಿಸಿಕೊಂಡ ಕಾಲ ಅದು ಎಂಬುದನ್ನು ಕ್ರೈಸ್ತರಾದ ನಾವು ಮರೆಯಬಾರದು. ಬೈಬಲಿನ ವಾಕ್ಯ ಹಿಡಿದೇ ಗುಲಾಮಗಿರಿಯನ್ನು ಸಮರ್ಥಿಸಿದವರಿದ್ದರು. ಮತ್ತಾಯನ ಸುವಾರ್ತೆಯಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನ ಬಾಯಲ್ಲೂ ಶಾಸ್ತ್ರವಾಕ್ಯವೇ ಇದೆ, ಕೀರ್ತನೆಯಿಂದ ಆರಿಸಿದ್ದು. ಯೇಸು ಅದಕ್ಕೆ ಶಾಸ್ತ್ರದ ಇನ್ನೊಂದು ವಾಕ್ಯದಿಂದಲೇ ಉತ್ತರ ಕೊಡುತ್ತಾರೆ. ಒಂಟಿ ವಾಕ್ಯವನ್ನು ಕಿತ್ತು ಬೀಸಬೇಡಿ, ಇಡೀ ಗ್ರಂಥದ ನಡೆ ಯಾವ ಕಡೆಗಿದೆ ನೋಡಿ ಎಂಬ ಪಾಠ ಅಲ್ಲಿದೆ.

ಮೋಗ್ಲಿಂಗರ ಕೊಡಗಿನ ಕತೆ ನನಗೆ ಮುಖ್ಯವಾಗುವುದು ಆಮೇಲೆ ಆದದ್ದರಿಂದ. ಕೊಡವರಲ್ಲಿ ಹೆಚ್ಚು ಜನ ಕ್ರೈಸ್ತರಾಗಲಿಲ್ಲ. ಬಂದವರು ತಲೆತಲಾಂತರದಿಂದ ಯಜಮಾನರ ಗದ್ದೆಗಳಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ದಲಿತರು. ಅವರಿಗೆ ಸ್ವಂತಕ್ಕೆ ಒಂದು ಗುಂಟೆ ನೆಲವಿರಲಿಲ್ಲ. ವಾಕ್ಯ ಕೇಳಿಸಿ ಕಳಿಸಿಬಿಡುವಂತಿರಲಿಲ್ಲ. ಸಿದ್ದಾಪುರದ ಕಡೆಯ ಕಾಡಿನಂಚಿನಲ್ಲಿ, 1850ರ ದಶಕದ ಉತ್ತರಾರ್ಧದಲ್ಲಿ, ಅವರಿಗೆ ನೆಲೆಯಾಗಿ ಆನಂದಪುರ ಎದ್ದಿತು. ಇರಲು ಮನೆ, ಉಳಲು ಭೂಮಿ, ಮಕ್ಕಳಿಗೆ ಶಾಲೆ. ಮಂಗಳೂರಿನಲ್ಲಿ 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್ಲಿಗೆ ಹೋಗಿ ಓದಿ ಬಂದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಈ ಕೆಲಸಕ್ಕೆ ಹೆಗಲು ಕೊಟ್ಟವರು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು ಕೊಡಗಿನ ಕಾಡಿನಂಚಿಗೆ ಬಂದು ಜೀತದಿಂದ ಬಿಡಿಸಿಕೊಂಡವರ ಜೊತೆ ನಿಂತದ್ದು 1850ರ ದಶಕದಲ್ಲಿ ಸಣ್ಣ ಸಂಗತಿಯಲ್ಲ. ದೇವರು ಮಾತಾಡಿದರು ಎಂದು ಹೇಳಿಕೊಳ್ಳುವವರನ್ನು ನಾನು ಮೊದಲು ಕೇಳಬಯಸುವುದು ಇದನ್ನೇ: ಆ ಮಾತು ನಿಮ್ಮನ್ನು ಯಾರ ಮನೆಬಾಗಿಲಿಗೆ ಕರೆದುಕೊಂಡು ಹೋಯಿತು?

ಬೈಬಲ್ ಕೂಡ ಈ ಅಳತೆಗೋಲನ್ನೇ ಇಟ್ಟುಕೊಂಡಿದೆ. ನೆಹೆಮೀಯನ ಪುಸ್ತಕದ ಎಂಟನೆಯ ಅಧ್ಯಾಯ ನೋಡಿ. ಸೆರೆಯಿಂದ ಮರಳಿದ ಜನ ಜೆರುಸಲೇಮಿನ ನೀರುಬಾಗಿಲ ಮುಂದಿನ ಬಯಲಿನಲ್ಲಿ ನೆರೆದಿದ್ದಾರೆ. ಗಂಡಸರು, ಹೆಂಗಸರು, ತಿಳಿಯಬಲ್ಲ ಮಕ್ಕಳು. ಎಜ್ರನು ಬೆಳಗಿನಿಂದ ನಡುಹಗಲವರೆಗೆ ಧರ್ಮಶಾಸ್ತ್ರ ಓದುತ್ತಾನೆ. ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳುತ್ತಾರೆ. ಅರ್ಥವಾದಂತೆ ಜನ ಅಳತೊಡಗುತ್ತಾರೆ. ಆಗ ಬಂದ ಅಪ್ಪಣೆ ಏನು? ಅಳಬೇಡಿ, ಮನೆಗೆ ಹೋಗಿ ಒಳ್ಳೆಯ ಊಟ ಮಾಡಿ, ಏನೂ ಇಲ್ಲದವರ ಮನೆಗೆ ಪಾಲು ಕಳಿಸಿ. ಓದು, ತಿಳಿವು, ಕಣ್ಣೀರು, ಆಮೇಲೆ ನೆರೆಮನೆಗೆ ಹೋಗುವ ಬುತ್ತಿ. ಲೂಕನು ಹೇಳುವ ಎಮ್ಮಾಹುವಿನ ದಾರಿಯ ಕತೆಯಲ್ಲೂ ಹಾಗೇ. ಅಪರಿಚಿತನೊಬ್ಬ ದಾರಿಯುದ್ದಕ್ಕೂ ಶಾಸ್ತ್ರ ವಿವರಿಸುವಾಗ ಆ ಇಬ್ಬರು ಶಿಷ್ಯರ ಎದೆ ಒಳಗೊಳಗೇ ಉರಿಯುತ್ತಿತ್ತು. ಆದರೆ ಅದು ಅವರಿಗೆ ಗೊತ್ತಾದದ್ದು ಅವನನ್ನು ಮನೆಗೆ ಕರೆದು, ರೊಟ್ಟಿ ಮುರಿದು ಹಂಚಿಕೊಂಡ ಮೇಲೆ. ಆ ಕ್ಷಣದಲ್ಲಿ ಗುರುತು ಸಿಕ್ಕದೆ, ಹಿಂತಿರುಗಿ ನೋಡಿದಾಗ ‘ಹೌದಲ್ಲ’ ಎನ್ನಿಸುವುದು ಈ ಅನುಭವದಲ್ಲಿ ಬಹಳ ಸಾಮಾನ್ಯ.

ಒಳಗಿನ ದನಿಯನ್ನು ತೂಗಿ ನೋಡುವ ಕಲೆಯನ್ನು 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಸೂಕ್ಷ್ಮವಾಗಿ ಬರೆದಿಟ್ಟರು. ಯುದ್ಧದಲ್ಲಿ ಕಾಲು ಮುರಿದು ಮಲಗಿದ್ದ ಸೈನಿಕ ಆತ. ವೀರರ ಸಾಹಸಗಳನ್ನು ಕಲ್ಪಿಸಿಕೊಂಡಾಗ ಖುಷಿ, ಆಮೇಲೆ ಒಣ ಬೇಸರ. ಕ್ರಿಸ್ತನ ಚರಿತ್ರೆ ಓದಿ ಅದನ್ನು ಕಲ್ಪಿಸಿಕೊಂಡಾಗಲೂ ಖುಷಿ, ಆದರೆ ಪುಸ್ತಕ ಮುಚ್ಚಿದ ಮೇಲೂ ಅದು ಉಳಿಯುತ್ತಿತ್ತು. ಈ ವ್ಯತ್ಯಾಸದ ಮೇಲೆ ಅವರು ತಮ್ಮ ಇಡೀ ಸಾಧನಾ ಮಾರ್ಗವನ್ನು ಕಟ್ಟಿದರು. ಗಾಬರಿಪಡಿಸಿ ಅವಸರ ಮಾಡಿಸುವ ದನಿ, ನೀನೊಬ್ಬನೇ ಸರಿ ಎಂದು ಉಬ್ಬಿಸುವ ದನಿ, ಇನ್ನೊಬ್ಬರನ್ನು ದ್ವೇಷಿಸಲು ಹೇಳುವ ದನಿ, ಇವುಗಳ ಮೇಲೆ ಅನುಮಾನವಿರಲಿ ಎಂದು ಅನುಭವಸ್ಥರು ಹೇಳುವುದು ಇದೇ ಜಾಡಿನಲ್ಲಿ.

ಒಬ್ಬರೇ ಓದುವಷ್ಟೇ ಮುಖ್ಯ ಸಭೆಯಲ್ಲಿ ಒಟ್ಟಿಗೆ ಕೂತು ಕೇಳುವುದು. ಕಥೋಲಿಕರಲ್ಲಿ ಬಹುಕಾಲ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಆಶ್ರಯದಲ್ಲಿ 1792ರಲ್ಲಿ ಶುರುವಾದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಲ್ಲೂ ಭಕ್ತರು ಪೂಜೆಯನ್ನು ಲ್ಯಾಟಿನ್ನಿನಲ್ಲೇ ಕೇಳಿದವರು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೈವವಾಣಿಯ ಬಗೆಗಿನ ತನ್ನ ಶಾಸನವನ್ನು ಹೊರಡಿಸಿ, ಶ್ರೀಗ್ರಂಥ ಎಲ್ಲ ವಿಶ್ವಾಸಿಗಳ ಕೈಗೂ ಅವರವರ ನುಡಿಯಲ್ಲಿ ಸಿಗಬೇಕು ಎಂದಿತು. ಇವತ್ತು ಭಾನುವಾರದ ಪೂಜೆಯಲ್ಲಿ ಮೊದಲನೇ ವಾಚನ, ಕೀರ್ತನೆ, ಎರಡನೇ ವಾಚನ, ಶುಭಸಂದೇಶ, ಎಲ್ಲವೂ ಕನ್ನಡದಲ್ಲಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತಿನಂತೆ ಮೊದಲೇ ನಿಗದಿಯಾಗಿರುತ್ತವೆ. ನನಗೆ ಇದು ಬಹಳ ಇಷ್ಟ. ಪಾಠ ಆರಿಸುವುದು ನಾನಲ್ಲ, ಪ್ರಸಂಗ ಮಾಡುವ ಗುರುಗಳೂ ಅಲ್ಲ. ಸೋಮವಾರಪೇಟೆಯ ಜಯವೀರಮಾತೆ ದೇವಾಲಯದಲ್ಲಿ ಓದುವ ಭಾಗವನ್ನೇ ಅದೇ ದಿನ ಮನಿಲಾದಲ್ಲೂ ಲಾಗೋಸಿನಲ್ಲೂ ಓದುತ್ತಿರುತ್ತಾರೆ. ನನಗೆ ಬೇಡವಾದ ಮಾತು ಬಂದೇ ಬರುತ್ತದೆ. ಕ್ಷಮಿಸಲಾರದೆ ಮುಖ ತಿರುಗಿಸಿಕೊಂಡ ವಾರವೇ ಎಪ್ಪತ್ತೇಳು ಸಲ ಕ್ಷಮಿಸುವ ಪಾಠ ಬಂದರೆ, ಬೆಂಚಿನಿಂದ ಎದ್ದು ಹೋಗಲು ದಾರಿಯಿಲ್ಲ.

ಕೊಡಗಿನಲ್ಲಿ ಈ ಕೇಳುವಿಕೆಗೆ ಇನ್ನೊಂದು ಸೂಕ್ಷ್ಮವಿದೆ. ದೇವಾಲಯದಲ್ಲಿ ಕನ್ನಡ ಕೇಳುವವರ ಮನೆಮಾತು ಕೊಂಕಣಿಯಿರಬಹುದು, ಮಲಯಾಳವಿರಬಹುದು, ತಮಿಳಿರಬಹುದು. ಅಪೊಸ್ತಲರ ಕೃತ್ಯಗಳಲ್ಲಿ ಪಂಚಾಶತ್ತಮದ ದಿನ ನೆರೆದವರೆಲ್ಲ ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಹುಟ್ಟುನುಡಿಯಲ್ಲಿ ಕೇಳಿಸಿಕೊಂಡರು ಎಂದಿದೆ. ತೋಟದ ಲೈನ್ ಮನೆಗಳಲ್ಲಿ ಸಂಜೆ ಜಪಸರ ಒಂದು ನುಡಿಯಲ್ಲಿ, ಭಾನುವಾರದ ಶುಭಸಂದೇಶ ಇನ್ನೊಂದರಲ್ಲಿ, ಮೊಬೈಲಿನಲ್ಲಿ ಕೇಳುವ ಆಡಿಯೋ ಬೈಬಲ್ ಮತ್ತೊಂದರಲ್ಲಿ ನಡೆಯುವಾಗ ಆ ದಿನದ ನೆನಪಾಗುತ್ತದೆ. ಕೊಡ್ಲಿಪೇಟೆ ಕಡೆಯ ಕನ್ನಡಿಗರಿಗೆ ಆ ತೊಡಕಿಲ್ಲ. ಅಡುಗೆಮನೆಯ ನುಡಿಯೇ ಗ್ರಂಥದ ನುಡಿ.

ಕ್ರೈಸ್ತರಲ್ಲದ ಗೆಳೆಯರು ಆಗಾಗ ಕೇಳುತ್ತಾರೆ, ಸುಮ್ಮನೆ ಕುತೂಹಲಕ್ಕೆ ಓದುವುದಾದರೆ ಎಲ್ಲಿಂದ ಶುರು ಮಾಡಬೇಕು? ಆದಿಕಾಂಡದಿಂದ ಹಿಡಿದು ಸಾಲಾಗಿ ಓದಲು ಹೊರಟವರು ಸಾಮಾನ್ಯವಾಗಿ ಯಾಜಕಕಾಂಡದಲ್ಲಿ ಸುಸ್ತಾಗುತ್ತಾರೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಪ್ರಾಟೆಸ್ಟೆಂಟರ ‘ಸತ್ಯವೇದ’ವಾದರೂ ಸರಿ, ಕಥೋಲಿಕರು ಬಳಸುವ ‘ಪವಿತ್ರ ಬೈಬಲ್’ ಆದರೂ ಸರಿ. ಮೊದಲು ಒಂದೇ ಪಟ್ಟಿಗೆ ಕೂತು ಕತೆಯಂತೆ ಓದಿ ಮುಗಿಸಿ. ಆಮೇಲೆ ನಾಲ್ಕನೇ ಅಧ್ಯಾಯಕ್ಕೆ ಮರಳಿ, ಬಿರುಗಾಳಿಯಲ್ಲಿ ದೋಣಿಯ ಹಿಂಬದಿಯಲ್ಲಿ ತಲೆದಿಂಬಿಟ್ಟು ಮಲಗಿರುವ ಯೇಸುವಿನ ಏಳು ವಚನಗಳನ್ನು ಗಟ್ಟಿಯಾಗಿ, ನಿಧಾನಕ್ಕೆ, ಇನ್ನೊಮ್ಮೆ ಓದಿ. ಶಿಷ್ಯರು ಅವರನ್ನು ಎಬ್ಬಿಸಿ ಕೇಳುವ ಪ್ರಶ್ನೆಯಲ್ಲಿ ಭಕ್ತಿಗಿಂತ ಸಿಟ್ಟೇ ಹೆಚ್ಚು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.